ಮೂರು ಪ್ರಶ್ನೆ, ಐದು ರಿಂಗು

ಹೊಸಪೇಟೆಯಿಂದ ಅತ್ತ ಕಂಪ್ಲಿಯವರೆಗೆ, ಇತ್ತ ಸಂಡೂರಿನ ಗುಡ್ಡದವರೆಗೆ ನೂರಾ ಎಂಟು ಮದುವೆ ಕೂಡಿಸಿದವಳು ನಾನು, ಅಕ್ಕನಾಗಮ್ಮ. ಈ ಮಾತಿನಲ್ಲಿ ಅರ್ಧ ಸುಳ್ಳಿದೆ. ಅರ್ಧದಷ್ಟು ಮದುವೆಗಳು ನಾನಿಲ್ಲದಿದ್ದರೂ ಆಗುತ್ತಿದ್ದವು. ನಾನು ಹೋಗಿ, ಹೊಟ್ಟೆ ತುಂಬ ಉಂಡು, ಅಡುಗೆಯಲ್ಲಿ ಕೊಂಕು ತೆಗೆದು ಬಂದೆ, ಅಷ್ಟೆ. ಉಳಿದ ಅರ್ಧ ಮಾತ್ರ ನನ್ನ ನಾಲಿಗೆಯ ಮೇಲೆ ನಡೆದವು. ಎಪ್ಪತ್ತೆರಡು ವರ್ಷದ ಈ ನಾಲಿಗೆ ಎಂದೂ ತಪ್ಪಿರಲಿಲ್ಲ. ತಪ್ಪಿದ್ದು ಫೋನು.

ಅಲ್ಲ, ಫೋನೂ ತಪ್ಪಲಿಲ್ಲ. ಕುಳಿತುಕೊಳ್ಳಿ, ಹೇಳುತ್ತೇನೆ. ಹೇಳುವಾಗಲೇ ನನಗೆ ಮೈಯೆಲ್ಲ ಉರಿಯುತ್ತದೆ.

ನನ್ನ ಗಂಡ ತೋಟಪ್ಪ ಹೊಸಪೇಟೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೆರಡು ವರ್ಷ ದುಡಿದವರು. ತೀರಿಕೊಂಡು ನಾಲ್ಕು ವರ್ಷವಾಯಿತು. ಬೇರೆಯವರ ಗಂಡಂದಿರು ಊಟಕ್ಕೆ ಕೂತರೆ ಉಪ್ಪು ಕಮ್ಮಿ, ಖಾರ ಹೆಚ್ಚು ಎನ್ನುತ್ತಾರೆ. ನನ್ನವರು ರೊಟ್ಟಿ ಮುರಿಯುತ್ತ ಮೆಷಿನ್ನಿನ ಪುರಾಣ ತೆಗೆಯುತ್ತಿದ್ದರು. ಹೊಸ ಎಕ್ಸ್‌ಚೇಂಜ್ ಬಂದಾಗ ಮೂರು ತಿಂಗಳು ಟ್ರೈನಿಂಗಿಗೆ ಹೋಗಿ ಬಂದರು ನೋಡಿ, ಆಮೇಲಂತೂ ಕೇಳುವುದೇ ಬೇಡ.

"ನೋಡಲೇ ನಾಗಿ, ನೀ ಕಂಪ್ಲಿಗೆ ಫೋನ್ ಹಚ್ಚಿದಿ ಅಂತ ಇಟ್ಕ. ನೀ ಹಲೋ ಅನ್ನಾಕಿಂತ ಮೊದ್ಲ ಮೆಷಿನ್ನು ಮೆಷಿನ್ನು ಮಾತಾಡ್ಕಂತಾವು. ನಿನ್ನ ಮಾತು ಹೋಗೋ ದಾರಿ ಬ್ಯಾರೆ, ಅವು ಮಾತಾಡ್ಕಳ್ಳೋ ದಾರಿ ಬ್ಯಾರೆ."

"ಏನ್ ಮಾತಾಡ್ಕಂತಾವ್ರಿ? ನಿಮ್ಮವ್ವನ ಸುದ್ದೀನ?"

"ಸುಮ್ನ ಕೇಳು. ಈ ಕಡಿ ಮೆಷಿನ್ನು 'ಶುರು' ಅಂತೈತಿ, ಅಂದು ಒಂದು ನಂಬರ್ ಹಚ್ಚತೈತಿ. ಆ ಕಡೀದು ತನ್ನದೊಂದು ನಂಬರ್ ಹಚ್ಚಿ 'ಮುಂದುವರಿ' ಅಂತೈತಿ. ಒಂದಾ ವೈರಿನ್ಯಾಗ ಸಾವಿರ ಮಂದಿದು ಹೊಂಟಿರ್ತೈತಿ. ಯಾರ ಮಾತುಕತಿ ಯಾವುದು ಅಂತ ಆ ನಂಬರಿಂದ ಗುರ್ತು."

ಅಷ್ಟಕ್ಕೇ ಬಿಡುತ್ತಿರಲಿಲ್ಲ. ಒಂದೇ ಮಾತುಕತೆಯಲ್ಲಿ ಮೂರು ಪ್ರಶ್ನೆ ಕೇಳಿದರೆ ಒಂದೊಂದು ಪ್ರಶ್ನೆಗೂ ಮತ್ತೆ ಬೇರೆ ನಂಬರಂತೆ. ಆಗ ಉತ್ತರ ಹಿಂದೆ ಮುಂದೆ ಬಂದರೂ ಗಾಬರಿಯಿಲ್ಲವಂತೆ. ಎಲ್ಲ ಆದ ಮೇಲೆ 'ಮುಗೀತು' ಎನ್ನಬೇಕು. ಉತ್ತರ ಬಾರದಿದ್ದರೆ ಗಡಿಯಾರ ನೋಡಿ 'ಬಿಟ್ಟೆ' ಎನ್ನಬೇಕು. ಯಾವ ಮಾತುಕತೆ ಬಿಟ್ಟೆ ಎಂಬುದು ಆ ಕಡೆಗೂ ತಿಳಿಯಬೇಕು.

"ನಂಬರ್ ಇಲ್ದಂಗ ಉತ್ತರ ಬಂದ್ರ?" ಎಂದು ನಾನು ಒಮ್ಮೆ ಕೇಳಿದ್ದೆ.

"ಕಸದ ಬುಟ್ಟಿಗೆ. ಯಾರ ಪ್ರಶ್ನಿಗೆ ಹಚ್ಚಾದು ಅದನ್ನ?"

"ನಿಮ್ಮವ್ವ ದಿನಕ್ಕ ನೂರು ಪ್ರಶ್ನಿ ಕೇಳ್ತಾಳ. ಅಕಿಗೂ ನಂಬರ್ ಹಚ್ಚಾದು ಕಲಿಸ್ರಿ. ನಾ ಎಲ್ಲಾದ್ಕೂ ಸೇರಿ ಒಂದಾ ಸಲ 'ಬಿಟ್ಟೆ' ಅಂತೀನಿ."

ಅವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಎರಡನೇ ಕ್ಲಾಸು ಓದಿದ ನನಗೆ ಆ ನಂಬರುಗಳಿಂದ ಆಗಬೇಕಾದದ್ದು ಏನಿತ್ತು?

ಈಗ ಐಶ್ವರ್ಯಳ ವಿಷಯಕ್ಕೆ ಬರುತ್ತೇನೆ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟಿರುವ ತಿಪ್ಪೇಶ್ ನನ್ನ ತಮ್ಮನ ಮಗ. ಅವನ ಮಗಳು ಐಶ್ವರ್ಯ. ಹೊಸಪೇಟೆಯ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬಿನ ಕೆಲಸ. ಇರುವುದು ನನ್ನ ಮನೆಯಲ್ಲೇ. ಹುಡುಗಿ ಎಷ್ಟು ಚುರುಕೆಂದರೆ, ಮುಖ ನೋಡಿಯೇ ಸಕ್ಕರೆ ಕಾಯಿಲೆ ಎಷ್ಟಿದೆ ಎಂದು ಹೇಳುತ್ತಾಳೆ. ಇದನ್ನು ನೀವು ನಂಬದಿದ್ದರೂ ನಡೆಯುತ್ತದೆ.

ಅವಳಿಗೆ ನಾನು ತಂದ ಗಂಡು ಲಿಂಗರಾಜ್. ಸಂಡೂರಿನಾಚೆ ಗುಡ್ಡದ ಮೇಲಿನ ಗಣಿಯಲ್ಲಿ ಅದಿರಿನ ಲಾರಿ ತೂಗುವ ಕಾಟಾದಲ್ಲಿ ಕೆಲಸ. ಅವನ ತಾಯಿ ಹಂಪಮ್ಮ ನನಗೆ ತವರಿನ ಕಡೆಯಿಂದ ದೂರದ ನೆಂಟಳು. ಅವರ ಊರಿನಲ್ಲಿ ಬಿಳಿ ಕೋಳಿ ಸಾಕಿದರೆ ಮೂರೇ ದಿನಕ್ಕೆ ಕೆಂಪಗಾಗುತ್ತದೆ, ಅಷ್ಟು ಧೂಳು. ಆದರೆ ಹುಡುಗ ಒಳ್ಳೆಯವನು. ಹೆಣ್ಣು ನೋಡಲು ಬಂದಾಗ ಎಲ್ಲರ ಮುಂದೆಯೇ ಅವಳನ್ನು ಕೇಳಿದ.

"ದಿನಾ ರಕ್ತ ನೋಡಿ ಹೆದ್ರಿಕಿ ಆಗಲ್ವಾ?"

"ದಿನಾ ಲಾರಿ ನೋಡಿ ನಿಮಗ ಹೆದ್ರಿಕಿ ಆಗ್ತೈತಾ?" ಎಂದಳು ಇವಳು.

ಅವನು ನಕ್ಕ ರೀತಿ ನೋಡಿ, ನೂರಾ ಒಂಬತ್ತನೆಯದು ಆಯಿತು ಎಂದುಕೊಂಡೆ.

ನಮ್ಮ ಮಂದಿಯಲ್ಲಿ ಒಂದು ರೂಢಿ. ಹೆಣ್ಣು ನೋಡಿ ಹೋದ ಮೇಲೆ ನಿಶ್ಚಯದ ಸಕ್ಕರೆ ಹಂಚುವವರೆಗೂ ಎರಡು ಮನೆಯವರು ನೇರವಾಗಿ ಮಾತಾಡುವಂತಿಲ್ಲ. ಏನಿದ್ದರೂ ನಡುವಿನವರ ಮೂಲಕ. ಅಂದರೆ ನನ್ನ ಮೂಲಕ. ಹುಡುಗ ಹುಡುಗಿ ವಾಟ್ಸಾಪ್ ಮಾಡಿದ್ದು ಗೊತ್ತಾದರೆ ತಿಪ್ಪೇಶ್ ಗಿರಣಿಯ ಮೇಲಿನಿಂದ ಹಾರಿಯೇ ಬಿಡುತ್ತಾನೆ. ನನ್ನ ಹತ್ತಿರ ಇರುವುದು ಗುಂಡಿ ಒತ್ತುವ ಫೋನು, ಹಂಪಮ್ಮನದೂ ಅದೇ. ಅವಳ ಊರಿನಲ್ಲಿ ಇನ್ನೊಂದು ಪೀಡೆ. ಫೋನು ರಿಂಗ್ ಆಗುತ್ತದೆ, ಮಾತು ಮಾತ್ರ ಕೇಳುವುದಿಲ್ಲ. ಎತ್ತಿದರೆ ಯಾರೋ ಹಪ್ಪಳ ಕರಿಯುತ್ತಿದ್ದ ಹಾಗೆ ಚರ್ರ್ ಎನ್ನುತ್ತದೆ. ಇತ್ತ ತಿಪ್ಪೇಶನ ಗಿರಣಿಯ ಸದ್ದಿನಲ್ಲಿ ಅವನಿಗೂ ಏನೂ ಕೇಳುವುದಿಲ್ಲ.

ಅದಕ್ಕೆ ನಾನೇ ಒಂದು ಉಪಾಯ ಮಾಡಿದ್ದೆ. ಮೂವತ್ತೆರಡು ವರ್ಷ ಎಕ್ಸ್‌ಚೇಂಜ್ ನೋಡಿಕೊಂಡವರ ಹೆಂಡತಿ ಅಲ್ಲವೇ. ಒಂದು ಸಲ ರಿಂಗ್ ಮಾಡಿ ಕಟ್ ಮಾಡಿದರೆ 'ಇಲ್ಲ'. ಎರಡು ಸಲ ಮಾಡಿದರೆ 'ಹೂಂ'. ಹತ್ತು ವರ್ಷದಿಂದ ಎಷ್ಟು ಮದುವೆಗಳು ಇದರ ಮೇಲೆಯೇ ನಡೆದಿವೆ.

ಹಂಪಮ್ಮ ವಾರಕ್ಕೊಮ್ಮೆ ಸಾಮಾನಿಗೆಂದು ಸಂಡೂರಿಗೆ ಇಳಿಯುತ್ತಾಳೆ. ಅಲ್ಲಿ ಮಾತು ಸ್ಪಷ್ಟವಾಗಿ ಕೇಳುತ್ತದೆ. ಆ ಬುಧವಾರ ಅವಳು ಇಳಿಯುವ ಹೊತ್ತಿಗೆ ಸರಿಯಾಗಿ ಫೋನ್ ಹಚ್ಚಲು ನಾನು ಕೂತಿದ್ದೆ. ಡ್ಯೂಟಿಗೆ ಹೊರಟಿದ್ದ ಐಶ್ವರ್ಯ ಬಾಗಿಲಲ್ಲಿ ನಿಂತಳು.

"ಅಜ್ಜಿ, ನಂದೊಂದು ಕೇಳ್ಬೇಕು ನೀನು. ಮದುವಿ ಆದ್ಮ್ಯಾಲೂ ನಾ ಕೆಲ್ಸ ಬಿಡಲ್ಲ. ಬಸ್ಸಿನ್ಯಾಗ ಓಡಾಡ್ತೀನಿ. ಅವ್ರು ಹೂಂ ಅಂದ್ರಷ್ಟ ನಂದು ಹೂಂ."

"ಕೇಳ್ತೀನಿ ಬಿಡಬೇ."

"ಬ್ಯಾರೆ ಮಾತಿನ ಜೋಡಿ ಸೇರಿಸಿ ಕೇಳಬ್ಯಾಡ ಮತ್ತ. ನಿನ್ನ ಬಾಯಾಗ ಎಲ್ಲಾ ಒಗ್ಗರಣಿ ಆಗ್ತೈತಿ."

ನೋಡಿದಿರಾ, ಎಚ್ಚರಿಸಿಯೇ ಹೋಗಿದ್ದಳು. ನಾನು ಏನು ಮಾಡಿದೆ? ಹಂಪಮ್ಮ ಸಂಡೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು "ಜಲ್ದಿ ಹೇಳಕ್ಕ, ಬಸ್ ಬರ್ತೈತಿ" ಎಂದಳು. ನಾನು ಒಂದೇ ಉಸಿರಿನಲ್ಲಿ ಬಿಟ್ಟೆ. "ಮದುವಿ ಕಂಪ್ಲ್ಯಾಗ ಮಾಡಾಣಂತ ನಮ್ಮ ತಿಪ್ಪೇಶ, ನಿಮಗ ಒಪ್ಪಿಗೀನಾ? ಹುಡುಗಿ ಮದುವಿ ಆದ್ಮ್ಯಾಲೂ ಹೊಸಪೇಟಿಗೆ ಕೆಲ್ಸಕ್ಕ ಓಡಾಡ್ತಾಳಂತ, ನಡೀತೈತಾ? ಸೋಮವಾರ ನಿಶ್ಚಯಕ್ಕ ತಿಪ್ಪೇಶನ ಮನಿಗೆ ಬರ್ತೀರಾ?"

"ಮನ್ಯಾಗ ಕೇಳಿ ರಿಂಗ್ ಕೊಡ್ತೀನಿ," ಎಂದು ಬಸ್ ಹತ್ತಿದಳು.

ಬುಧವಾರ ಸಂಜೆ ಎರಡು ರಿಂಗ್ ಬಂತು. ಗುರುವಾರ ಬೆಳಿಗ್ಗೆ ಒಂದೇ ರಿಂಗ್. ನಾನು ಫೋನ್ ಹಿಡಿದುಕೊಂಡೇ ಕೂತೆ, ಇನ್ನೊಂದು ಬರಬಹುದೆಂದು. ಹಾಲು ಉಕ್ಕಿತು, ಬೆಕ್ಕು ಕುಡಿಯಿತು, ಇನ್ನೊಂದು ಬರಲಿಲ್ಲ. ಮಧ್ಯಾಹ್ನ ಮತ್ತೆ ಎರಡು ರಿಂಗ್.

ನಾನು ಕೇಳಿದ ಸಾಲಿನಲ್ಲೇ ಲೆಕ್ಕ ಹಾಕಿದೆ. ಕಂಪ್ಲಿಯಲ್ಲಿ ಮದುವೆ, ಹೂಂ. ಕೆಲಸ, ಇಲ್ಲ. ಸೋಮವಾರ ಬರುವುದು, ಹೂಂ. ಮನಸ್ಸಿನ ಮೂಲೆಯಲ್ಲಿ ಏನೋ ಚುಚ್ಚಿತು. ಕಂಪ್ಲಿ ದೂರ ಎಂದು ಹೆಣ್ಣು ನೋಡಲು ಬಂದಾಗಲೇ ಗೊಣಗಿದ್ದ ಜನ ಅಷ್ಟು ಬೇಗ ಒಪ್ಪಿದರೇ ಎಂದು. ಒಮ್ಮೆ ಫೋನ್ ಹಚ್ಚಿದೆ. ಹಪ್ಪಳ ಕರಿದಂತೆ ಕೇಳಿತು. ಇಟ್ಟುಬಿಟ್ಟೆ. ನಿಶ್ಚಯ ಮುಂದೂಡಿ ಮುಂದಿನ ಬುಧವಾರದವರೆಗೆ ಕಾಯಬಹುದಿತ್ತು. ಆದರೆ ಮದುವೆ ಕೂಡಿಸುವ ಅಕ್ಕನಾಗಮ್ಮನಿಗೆ ಉತ್ತರ ತಿಳಿಯಲಿಲ್ಲ ಎಂದು ಯಾರ ಮುಂದೆ ಹೇಳಿಕೊಳ್ಳಲಿ?

ಸಂಜೆ ಐಶ್ವರ್ಯ ಬಂದು ಚಪ್ಪಲಿ ಬಿಡುವ ಮೊದಲೇ ಮುಖ ನೋಡಿದಳು. "ಇಲ್ಲ ಅಂದ್ರಾ?"

"ಇಲ್ಲ ಅಂದ್ರವ್ವ."

ಕಾಲು ತೊಳೆದುಕೊಂಡು ಬಂದಳು. ಚಹಾ ಕುಡಿದಳು. ಲೋಟ ತೊಳೆದು ಬೋರಲು ಹಾಕಿದ ಮೇಲೆ, "ಹಂಗಾದ್ರ ನಂದೂ ಇಲ್ಲ ಅಂತ ಹೇಳ್ಬಿಡು," ಎಂದಳು. ಅಳಲಿಲ್ಲ. ಅತ್ತಿದ್ದರೆ ನಾನು ಏನಾದರೂ ತಮಾಷೆ ಮಾಡಿ ನಗಿಸುತ್ತಿದ್ದೆ.

ಶುಕ್ರವಾರ ತಿಪ್ಪೇಶನಿಗೆ ಒಂದು ರಿಂಗ್ ಕೊಟ್ಟೆ. ಅವನು ಗಿರಣಿಯಿಂದ ಆಚೆ ಬಂದು ತಿರುಗಿ ಮಾಡಿ, ನನ್ನಿಂದ ವಿಷಯ ಕೇಳಿ, "ಹೋಗ್ಲಿ ಬಿಡತ್ತಿ, ಕೆಲ್ಸ ಬಿಡು ಅನ್ನೋರ ಮನಿ ಯಾಕ ಬೇಕು ನಮಗ?" ಎಂದ. ಹಂಪಮ್ಮನಿಗೂ ಒಂದು ರಿಂಗ್ ಕೊಟ್ಟೆ. ಒಂದು ಅಂದರೆ ಇಲ್ಲ. ಇಲ್ಲ ಅಂದರೆ ಬರಬೇಡಿ. ಇಷ್ಟು ಅರ್ಥವಾಗದಷ್ಟು ದಡ್ಡಳೇ ಅವಳು?

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಬಾಗಿಲು ಬಡಿದರು. ಐಶ್ವರ್ಯ ಲ್ಯಾಬಿನ ಕೋಟು ಮಡಿಚಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು, ಹೋಗಿ ಬಾಗಿಲು ತೆಗೆದಳು. ಎದುರಿಗೆ ಹಂಪಮ್ಮ. ರೇಷ್ಮೆ ಸೀರೆ, ಒಂದು ಕೈಯಲ್ಲಿ ಐದು ಕಿಲೋ ಸಕ್ಕರೆ, ಇನ್ನೊಂದರಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ ಮಲ್ಲಿಗೆ. ಹಿಂದೆ ಇಸ್ತ್ರಿ ಅಂಗಿ ಹಾಕಿದ ಲಿಂಗರಾಜ್.

"ಹೊಂಟಿಯೇನಕ್ಕ? ಒಂಬತ್ತಕ್ಕ ಕಂಪ್ಲಿ ಬಸ್ಸೈತಿ. ಇವ್ರಪ್ಪ ಡ್ಯೂಟಿ ಮುಗಿಸಿ ಸೀದಾ ಅಲ್ಲಿಗೇ ಬರ್ತಾನ," ಎನ್ನುತ್ತ ಒಳಗೆ ಬಂದೇಬಿಟ್ಟಳು ಹಂಪಮ್ಮ.

ನನ್ನ ಬಾಯಿ ಒಣಗಿತು. ತುಂಗಭದ್ರೆ ಪೂರಾ ಕುಡಿದರೂ ತೇವವಾಗದಷ್ಟು.

"ಯಾಕ್ ಬಂದ್ರಿ?" ಐಶ್ವರ್ಯಳ ದನಿ ಗಟ್ಟಿಯಾಗಿತ್ತು.

ಹಂಪಮ್ಮ ನನ್ನ ಕಡೆ ತಿರುಗಿದಳು. "ಇದೇನಕ್ಕ ಹಿಂಗಂತಾಳ ಹುಡುಗಿ? ನೀನಾ ಕರದೀಯಲ್ಲ."

"ಒಂದು ರಿಂಗ್ ಕೊಟ್ಟಿದ್ನಲ್ಲಬೇ ಶುಕ್ರವಾರ!"

"ಹೌದು, ಬಂತು. ಕಂಪ್ಲಿ ಬ್ಯಾಡ ಅಂತ ನಾ ಒಂದು ಕೊಟ್ಟಿದ್ದೆ. ನೀನೂ ಒಂದು ಕೊಟ್ಟಿ. ಆತು, ಕಂಪ್ಲಿ ಬ್ಯಾಡ ಅಂತ ಅವ್ರೂ ಒಪ್ಪಿದ್ರು ಅಂತ ತಿಳ್ಕಂಡೆ."

"ಕಂಪ್ಲಿಗೆ ನೀ ಎರಡು ಕೊಟ್ಟೀಯಲ್ಲ!"

"ಯಾವಾಗ? ಎರಡು ಕೊಟ್ಟಿದ್ದು ಕೆಲ್ಸಕ್ಕ. ಕಂಪ್ಲಿಗೆ ಒಂದು. ಹಂಪಿ ವಿರೂಪಾಕ್ಷನ ಗುಡ್ಯಾಗ ಮದುವಿ ಮಾಡ್ತೀನಂತ ಇವ್ರಪ್ಪ ಹರಕಿ ಹೊತ್ತಾನ. ಗುರುವಾರ ಶಿಫ್ಟ್ ಮುಗಿಸಿ ಬಂದು ಹೇಳಿದ, ನಾ ಒತ್ತಿದೆ."

"ಮೊದ್ಲ ಕೇಳಿದ್ದು ಕಂಪ್ಲಿ ಅಲ್ವಾ?"

"ನೀ ಮೊದ್ಲ ಕೇಳಿದ್ರ ನನ್ನ ಗಂಡ ಮೊದ್ಲ ಮನಿಗೆ ಬರ್ತಾನೇನಕ್ಕ? ಮಗ ಮೊದ್ಲ ಸಿಕ್ಕ, ಅವ್ನ ಮಾತು ಮೊದ್ಲ ಕೇಳಿದೆ."

"ಯಾವುದು ಯಾವುದ್ಕ ಅಂತ ನನಗ ಹೆಂಗ ಗೊತ್ತಾಗ್ಬೇಕು?"

"ನಿನಗ ಗೊತ್ತಾಗಲ್ಲ ಅಂತ ನನಗ ಹೆಂಗ ಗೊತ್ತಾಗ್ಬೇಕು?"

ಆ ಕ್ಷಣ ತೋಟಪ್ಪ ನನ್ನ ಎದುರಿಗೆ ಕೂತು ರೊಟ್ಟಿ ಮುರಿಯುತ್ತಿದ್ದ ಹಾಗಾಯಿತು. ಸಿಟ್ಟೇ ಬಂತು. ಅವರ ಮೇಲೆ, ಹಂಪಮ್ಮನ ಮೇಲೆ, ಅವಳ ಗಂಡನ ಶಿಫ್ಟಿನ ಮೇಲೆ. ನನ್ನ ಮೇಲೆ ಬರಬೇಕಾದ ಸಿಟ್ಟನ್ನು ಹೀಗೆ ಹಂಚಿ ಮುಗಿಸಿದರೂ ಒಂದಿಷ್ಟು ಉಳಿಯಿತು. ಉಳಿದದ್ದನ್ನು ನುಂಗಿ, "ತಪ್ಪು ನಂದು," ಎಂದೆ. ಈ ಮಾತನ್ನು ನಾನು ಹೇಳಿದ್ದು ಅದೇ ಮೊದಲು. ಹಂಪಮ್ಮ ಹೆದರಿ ಕುಳಿತುಬಿಟ್ಟಳು.

ಐಶ್ವರ್ಯ ನಮ್ಮಿಬ್ಬರನ್ನೂ ಬಿಟ್ಟು ಲಿಂಗರಾಜನನ್ನು ನೋಡಿದಳು. ರೂಢಿ ಗೀಡಿ ಎಲ್ಲ ಬದಿಗಿಟ್ಟು ನೇರವಾಗಿ ಕೇಳಿದಳು.

"ನನ್ನ ಪ್ರಶ್ನಿ ನಿಮಗ ಮುಟ್ಟಿತ್ತಾ?"

"ಮುಟ್ಟಿತ್ತು. ಅವ್ವ ಬಸ್ ಇಳಿದು ಬಂದ ಕೂಡ್ಲೆ ಕೇಳಿದ್ಲು. ಹೂಂ ಅಂದೆ. ಅವ್ವನ ಫೋನ್ ಕಸ್ಗಂಡು ಎರಡು ರಿಂಗ್ ಕೊಟ್ಟಿದ್ದೂ ನಾನಾ."

ಅವಳು ಚೀಲ ಕೆಳಗಿಟ್ಟು ಗೋಡೆಗೆ ಒರಗಿದಳು. ಆಮೇಲೆ ಚೀಲದಿಂದ ಒಂದು ಕಾಗದ ತೆಗೆದಳು.

"ನೀವು ಇಲ್ಲ ಅಂದ್ರಿ ಅಂತ ತಿಳ್ಕಂಡು ಶನಿವಾರ ಇದನ್ನ ತುಂಬೀನಿ. ಬಳ್ಳಾರ್ಯಾಗ ನಮ್ಮ ಆಸ್ಪತ್ರಿಯೋರ್ದು ದೊಡ್ಡ ಲ್ಯಾಬ್ ಐತಿ, ಅಲ್ಲಿ ಟ್ರೈನಿಂಗಿನ ಅರ್ಜಿ ಇದು. ಎರಡು ವರ್ಷ ಅಲ್ಲೇ ಹಾಸ್ಟೆಲ್‌ನ್ಯಾಗ ಇರ್ಬೇಕು, ನಡುವ ಬಿಡಂಗಿಲ್ಲ. ವಾರಕ್ಕ ಒಂದಾ ದಿನ ರಜಾ. ಇವತ್ತು ಹತ್ತು ಗಂಟಿಯೊಳಗ ಕೊಡ್ಬೇಕು. ಮೂರು ವರ್ಷದಿಂದ ಕಾಯ್ತಿದ್ದೆ ಇದ್ಕ. ಮದುವಿ ಸುದ್ದಿ ಬಂತಂತ ಬ್ಯಾಡ ಅಂದಿದ್ದೆ."

ಈ ವಿಷಯ ನನಗೂ ಗೊತ್ತಿರಲಿಲ್ಲ. ನನ್ನ ಮನೆಯಲ್ಲೇ ಇದ್ದು, ನನ್ನ ಕೈಯ ಅನ್ನ ಉಂಡು, ಮೂರು ವರ್ಷ ಒಂದು ಆಸೆ ಸಾಕಿಕೊಂಡಿದ್ದಾಳೆ. ಕೇಳಿದ್ದರೆ ಹೇಳುತ್ತಿದ್ದಳೇನೋ. ನಾನು ಊರವರ ಮನೆಯ ಪ್ರಶ್ನೆಗಳನ್ನೇ ಹೊತ್ತು ತಿರುಗಿದೆ.

"ಎರಡು ವರ್ಷಾನಾ!" ಎಂದಳು ಹಂಪಮ್ಮ. "ಹರಿದು ಒಗಿಯವ್ವ ಅದನ್ನ. ಸಕ್ಕರಿ ತಂದೀವಿ. ಹೂ ಬಾಡ್ತಾವು."

"ಅವ್ವ, ನೀ ಸುಮ್ನಿರು ಒಂದೀಟು," ಎಂದ ಲಿಂಗರಾಜ್.

"ಹೌದು, ನೀವಿಬ್ರೂ ಒಂದೀಟು ಸುಮ್ನಿರ್ರಿ," ಎಂದಳು ಐಶ್ವರ್ಯ. 'ಇಬ್ಬರೂ' ಎಂದಿದ್ದು ನನ್ನನ್ನೂ ಸೇರಿಸಿಯೇ. ನಾನು ಬಾಯಿ ತೆರೆದೂ ಇರಲಿಲ್ಲ. ತೆರೆಯುವವಳಿದ್ದೆ, ಅದು ಬೇರೆ ಮಾತು.

ಲಿಂಗರಾಜ್ ಕಾಗದ ಇಸಿದುಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದ. ಲಾರಿ ತೂಗುವ ಹುಡುಗ, ಅಕ್ಷರ ಅಕ್ಷರ ತೂಗಿ ಓದಿದ. ವಾಪಸ್ಸು ಕೊಡುತ್ತ, "ಆಸ್ಪತ್ರಿ ಎಷ್ಟು ದೂರ?" ಎಂದು ಕೇಳಿದ.

"ನಡದ್ರ ಹತ್ತು ನಿಮಿಷ."

"ನಡೀರಿ, ನಾನೂ ಬರ್ತೀನಿ. ದಾರ್ಯಾಗ ಮಾತಾಡಾಣ. ನಡುವ ಯಾರೂ ಬ್ಯಾಡ."

ಇಬ್ಬರೂ ಹೊರಟುಹೋದರು. ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಮೊದಲು ಇಬ್ಬರ ನಡುವೆ ಒಂದು ಎತ್ತಿನ ಗಾಡಿ ಹೋಗುವಷ್ಟು ಜಾಗವಿತ್ತು. ಮೂಲೆಯ ಅಂಗಡಿ ತಿರುಗುವ ಹೊತ್ತಿಗೆ ಒಂದು ಸೈಕಲ್ಲಿನಷ್ಟು ಉಳಿದಿತ್ತು. ಅವಳು ಕೈ ಆಡಿಸಿ ಏನೋ ಕೇಳುತ್ತಿದ್ದಳು. ಅವನು ತಲೆ ಬಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ. ಒಂದು ಅಕ್ಷರವೂ ನನ್ನ ಕಿವಿಗೆ ಬೀಳಲಿಲ್ಲ. ಇಷ್ಟು ವರ್ಷದಲ್ಲಿ ನನ್ನ ಕಿವಿ ದಾಟದೆ ನಡೆದ ಮದುವೆ ಮಾತು ಅದೊಂದೇ.

ಒಳಗೆ ಹಂಪಮ್ಮ ಸಕ್ಕರೆ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ಏನಂತಾನಕ್ಕ ನನ್ನ ಮಗ? ಎರಡು ವರ್ಷ ಕಾಯಂಗ ಇದಾನಾ? ಇಲ್ಲಾಂದ್ರ ಕಟ್ಕಂಡು ವಾರಕ್ಕೊಂದು ದಿನ ಬಳ್ಳಾರಿಗೆ ಓಡಾಡ್ತಾನಾ?"

"ನನ್ನ ಕೇಳಬ್ಯಾಡ ತಾಯಿ. ಇನ್ನ ಮ್ಯಾಲೆ ಯಾರ ಉತ್ತರಾನೂ ನಾ ಹೇಳಲ್ಲ."

ಅಷ್ಟರಲ್ಲಿ ತಿಪ್ಪೇಶನ ಫೋನು. ಹಂಪಮ್ಮನ ಗಂಡ ಶಿಫ್ಟ್ ಮುಗಿಸಿ, ಹಣ್ಣಿನ ಬುಟ್ಟಿ ಹಿಡಿದು ಕಂಪ್ಲಿಯ ಗಿರಣಿಯ ಮುಂದೆ ನಿಂತಿದ್ದಾನಂತೆ. "ಅತ್ತೀ, ಏನಿದು? ಇಲ್ಲ ಅಂದಿದ್ಯಲ್ಲ ನೀನು! ಕುಂದ್ರಿಸಲ್ಯಾ, ಕಳಿಸಲ್ಯಾ?" ಗಿರಣಿಯ ಸದ್ದನ್ನೂ ಮೀರಿ ಕೂಗುತ್ತಿದ್ದ.

"ಕುಂದ್ರಿಸಲೇ. ನೀರು ಕೊಡು, ಚಾ ಕೊಡು. ಬಾಯಿ ಮಾತ್ರ ಬಿಡಬ್ಯಾಡ."

"ಹೂಂನೋ ಇಲ್ಲನೋ, ಅಷ್ಟು ಹೇಳು!"

"ಗೊತ್ತಿಲ್ಲಲೇ!" ಎಂದು ನಾನೂ ಕೂಗಿದೆ. ಇಡೀ ಓಣಿ ಹೊರಗೆ ಬಂದು ನೋಡಿತು.

ಹತ್ತೂಕಾಲಿಗೆ ಗೇಟಿನ ಸದ್ದಾಯಿತು. ಇಬ್ಬರೂ ಬಂದರು. ಐಶ್ವರ್ಯಳ ಕೈಯಲ್ಲಿ ಕಾಗದ ಇರಲಿಲ್ಲ. ಅವಳ ಕಣ್ಣು ಸ್ವಲ್ಪ ಕೆಂಪಗಿತ್ತು, ಮುಖ ಮಾತ್ರ ಆಗಷ್ಟೇ ತೊಳೆದ ಹಾಗಿತ್ತು. ಲಿಂಗರಾಜನ ಇಸ್ತ್ರಿ ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು. ಬಂದವನೇ ತಾಯಿಯ ಮಡಿಲಿನಿಂದ ಸಕ್ಕರೆ ಚೀಲ ಎತ್ತಿಕೊಂಡ. ಹಂಪಮ್ಮ ಅವನ ಮುಖ ನೋಡಿದಳು, ನಾನು ಇವಳ ಮುಖ ನೋಡಿದೆ. ಐಶ್ವರ್ಯ ನನ್ನ ಹತ್ತಿರ ಬಂದು, "ಅಜ್ಜಿ, ಅಪ್ಪಗ ಫೋನ್ ಹಚ್ಚಿ ನನ್ನ ಕೈಯಾಗ ಕೊಡು. ನಾನಾ ಹೇಳ್ತೀನಿ," ಎಂದಳು.

ಹಚ್ಚಿ ಕೊಟ್ಟೆ. ಅವಳು ಏನು ಹೇಳಿದಳೆಂದು ನಾನು ಹೇಳುವುದಿಲ್ಲ. ಕಾಗದ ಕೊಟ್ಟು ಬಂದಳೋ, ಹರಿದು ಬಂದಳೋ? ಆ ಸಕ್ಕರೆ ಕಂಪ್ಲಿ ಬಸ್ ಹತ್ತಿತೋ, ತಿರುಗಿ ಸಂಡೂರಿನ ಬಸ್ ಹತ್ತಿತೋ? ಇಷ್ಟು ಹೊತ್ತು ಕೂತು ಕೇಳಿದ್ದೀರಲ್ಲ, ಹೇಳಿ ನೋಡೋಣ.